ಗಾಲಿಯ ಕಾಲ್ಗುಣ

ನನ್ನ ಜೀಪಿನ ಬಗ್ಗೆ ಯಾರಾದರೂ ಕೊಂಕು ತೆಗೆದರೆ ನಾನು ಕೇಳಿಕೊಂಡು ಸುಮ್ಮನಿರುವವಳಲ್ಲ. ಅದು ಹಳೆಯದು, ಒಪ್ಪಿದೆ. ಅದರ ಬಾಗಿಲನ್ನು ತುಸು ಎತ್ತಿ ಮುಚ್ಚಬೇಕು, ಅದೂ ಒಪ್ಪಿದೆ. ವೈಪರ್ ಮಳೆ ನಿಂತ ಮೇಲೆ ಹುರುಪಿನಿಂದ ಕೆಲಸ ಮಾಡುತ್ತದೆ. ಆದರೆ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಒಳದಾರಿಯನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮೈ ಮಿರುಗುವ ಹೊಸ ಕಾರುಗಳ ಆಟ ನಡೆಯುವುದಿಲ್ಲ. ನಾನು ವಿಜಯಪುರದಲ್ಲಿದ್ದುಕೊಂಡು ಮಣೂಕದ ವ್ಯಾಪಾರ ಮಾಡುವವಳು. ಒಣದ್ರಾಕ್ಷಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಒಣಗಿಸುವ ಶೆಡ್ಡಿಗೇ ಹೋಗಿ, ಮುಷ್ಟಿಯಲ್ಲಿ ಹಿಡಿದು, ಮೂಸಿ, ಒಂದೆರಡು ಬಾಯಿಗೆ ಹಾಕಿಕೊಂಡು ನೋಡದೆ ನಾನು ಮಾಲು ಒಪ್ಪುವುದಿಲ್ಲ. ಅದಕ್ಕೆ ಜೀಪು ಬೇಕು, ನಡೆಸುವುದೂ ನಾನೇ. ನನ್ನ ಗಂಡ ಬಟ್ಟೆ ಅಂಗಡಿಯ ಮನುಷ್ಯ, ಸ್ಟೇರಿಂಗ್ ಮುಟ್ಟಿದವರಲ್ಲ. ಪಕ್ಕದಲ್ಲಿ ಕೂತು, ಬ್ರೇಕೇ ಇಲ್ಲದ ಜಾಗದಲ್ಲಿ ಬಲಗಾಲು ಒತ್ತುತ್ತಿರುತ್ತಾರೆ.

ಈ ಜೀಪನ್ನು ನಾನು ಕೊಂಡದ್ದು ತಿಕೋಟಾದ ಒಬ್ಬ ತೋಟದವರಿಂದ. ಅವರು ಹೊಸ ಗಾಡಿ ತಂದ ಮೇಲೆ ಇದು ಬೇವಿನ ಗಿಡದ ಕೆಳಗೆ ನಿಂತು, ಅದರ ಬಾನೆಟ್ಟಿನ ಮೇಲೆ ಕೋಳಿಗಳು ಮಲಗತೊಡಗಿದ್ದವು. ಮಣೂಕ ನೋಡಲು ಹೋದವಳು ಜೀಪನ್ನೇ ಮಾತಾಡಿಕೊಂಡು ಬಂದೆ. ಗಾಡಿ ಎಷ್ಟೇ ಹಳತಾಗಿದ್ದರೂ ಗಾಲಿಗಳು ಮಾತ್ರ ಕಾರ್ಖಾನೆಯಿಂದ ಬಂದವೇ ಇದ್ದವು, ಸ್ಟೆಪ್ನಿ ಸೇರಿಸಿ ಐದೂ. ಎಲ್ಲೂ ಬೆಸುಗೆ ಇಲ್ಲ, ಸೊಟ್ಟ ಇಲ್ಲ. ಇಂಥವಕ್ಕೆ ನಮ್ಮಲ್ಲಿ ‘ಕಂಪನಿ ಗಾಲಿ’ ಅನ್ನುತ್ತಾರೆ. ಕಂಪನಿದು ಅಂದರೆ ಅಸಲಿ, ಮುಂದೆ ಮಾತಿಲ್ಲ.

ಆ ಅಸಲಿ ಗಾಲಿಗಳಿಗೂ ನನಗೂ ಇದ್ದದ್ದು ಒಂದೇ ಜಗಳ. ಅವು ಟ್ಯೂಬಿನವು. ಶೆಡ್ಡುಗಳ ದಾರಿಯ ತುಂಬ ಜಾಲಿಮುಳ್ಳು. ಮಣೂಕದ ಸುಗ್ಗಿಯಲ್ಲಿ ನಾನು ತೋಟದಲ್ಲಿ ಕಳೆದ ಹೊತ್ತಿಗಿಂತ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಕಳೆದದ್ದೇ ಹೆಚ್ಚು. ಒಮ್ಮೆ ಕಳ್ಳಕವಟಗಿಯ ಹತ್ತಿರ ಗಾಡಿಯೂ ಕೂತಿತು, ಸ್ಟೆಪ್ನಿಯೂ ಕೂತಿತು, ಕೊನೆಗೆ ನಾನೂ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತೆ. ಅವತ್ತೇ ತೀರ್ಮಾನ ಮಾಡಿದೆ. ವಿಜಯಪುರಕ್ಕೆ ಬಂದು, ಟ್ಯೂಬ್ ಬೇಡದ ಟೈರು ಹಿಡಿಯುವಂಥ ಹೊಸ ಕಬ್ಬಿಣದ ಡಿಸ್ಕು ತರಿಸಿ ಹಾಕಿಸಿದೆ. ಅಗಲ ಹೆಚ್ಚಿಲ್ಲ, ಎತ್ತರ ಹೆಚ್ಚಿಲ್ಲ, ಮಿಂಚೂ ಇಲ್ಲ. ಗಾಡಿ ಹೇಗಿತ್ತೋ ಹಾಗೇ ಕಂಡಿತು, ಮುಳ್ಳಿನ ಕಾಟ ಮಾತ್ರ ಹೋಯಿತು. ಖರೀದಿಯಲ್ಲಿ ನಾನು ಎಡವಿದ್ದು ಕಡಿಮೆ ಅಂತ ನಾನೇ ಹೇಳಿಕೊಂಡರೆ ತಪ್ಪೇನಿಲ್ಲ.

ಬಿಚ್ಚಿದ ಐದು ಗಾಲಿಗಳನ್ನು ಟೈರಿನ ಸಮೇತ ಮನೆಗೆ ತಂದೆ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಸೀಮೆಎಣ್ಣೆ ಸಿಗದ್ದಕ್ಕೆ ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ ಒಂದೊಂದನ್ನೇ ಒರೆಸಿದೆ. ಡಿಸ್ಕಿನ ತಗ್ಗುಗಳಲ್ಲಿ ಹಳೆಯ ಮಾಲಕರು ಅಮಾಸಿಗೊಮ್ಮೆ ಹಚ್ಚಿದ ಕುಂಕುಮ, ಭಂಡಾರದ ಅರಿಸಿನ ಪದರು ಪದರಾಗಿ ಗಟ್ಟಿಯಾಗಿತ್ತು. ಅದನ್ನು ಕೆರೆಯದೆ ಬಿಟ್ಟೆ. ಆ ಮನೆಯವರ ಭಕ್ತಿಗೆ ನನ್ನ ಚಾಕು ಯಾಕೆ? ಅಂಗಳದಲ್ಲಿ ಸಾಲಾಗಿ ಇಟ್ಟು ಫೋಟೋ ತೆಗೆಯುತ್ತಿದ್ದಾಗ ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿದರು.

“ಕನ್ಯಾ ತೋರ್ಸಾಕ ಕುಂಡ್ರಿಸಿದಂಗ ಕುಂಡ್ರಿಸೀಯಲ್ಲ,” ಅಂದರು. “ತಲಿಗಿ ಒಂದೀಟ ಹೂವ ಮುಡಸು.”

“ನಿಮ್ಮ ಅಂಗಡ್ಯಾಗಿನ ಗೊಂಬಿಗಿಂತ ಚೊಲೋ ಅದಾವ,” ಅಂದೆ ನಾನು.

ಫೋನಿನ ಗುಂಪುಗಳಲ್ಲಿ ಫೋಟೋ ಹಾಕಿ, ‘ಕಂಪನಿ ಗಾಲಿ ಐದು, ಕೂಡಿಯೇ ಕೊಡುವುದು’ ಎಂದು ಬರೆದೆ. ಹಳೆಯ ಸಾಮಾನು ಮಾರುವವರಿಗೆ ತಾಳ್ಮೆ ಬೇಕು, ನನಗೆ ಅದು ಹುಟ್ಟಾ ಕಡಿಮೆ. ಸಾರವಾಡದಿಂದ ಒಬ್ಬರು ಎರಡೇ ಸಾಕು, ಔಷಧ ಹೊಡೆಯುವ ಟ್ಯಾಂಕಿಗೆ ಕಟ್ಟಿಕೊಳ್ಳುತ್ತೇನೆ ಅಂದರು. ಇನ್ನೊಬ್ಬರಿಗೆ ಟೈರಿನಲ್ಲಿ ಮಣ್ಣು ತುಂಬಿ ಕರಿಬೇವು ಹಚ್ಚಬೇಕಿತ್ತಂತೆ. ಮತ್ತೊಬ್ಬ ಮಹಾಶಯರು ಮನೆಗೇ ಬಂದು, ಚಪ್ಪಲಿ ಕಾಲಿನಿಂದ ಗಾಲಿಯನ್ನು ಒದ್ದು ನೋಡಿ, ಏನೋ ತಿಳಿದವರಂತೆ ತಲೆ ಅಲ್ಲಾಡಿಸಿದರು. ಅವರನ್ನು ಚಹಾ ಕೊಡದೆ ಕಳಿಸಿದೆ.

ಅಷ್ಟರಲ್ಲಿ ಬಬಲೇಶ್ವರದಿಂದ ಒಂದು ಫೋನು ಬಂತು. ಹೆಣ್ಣುಮಗಳ ದನಿ, ಎಳೆಯದು. ಬೆಲೆ ಕೇಳಲಿಲ್ಲ, ಟೈರು ಎಷ್ಟು ಸವೆದಿದೆ ಎಂದೂ ಕೇಳಲಿಲ್ಲ.

“ಅಕ್ಕಾರ, ಈ ಗಾಲಿ ಇದ್ದಾಗ ನಿಮ್ಮ ಗಾಡಿ ಸ್ಟೇರಿಂಗ್ ನಡಗತಿತ್ತೇನ್ರಿ? ಒಂದ ಕಡೆ ಎಳೀತಿತ್ತೇನ್ರಿ?”

“ಇಲ್ಲವಾ. ಮುಳ್ಳ ಕಂಡ್ರ ಪಂಕ್ಚರ್ ಆಗ್ತಿದ್ವು. ಬ್ಯಾರೆ ಐಬ ಒಂದೂ ಇಲ್ಲ.”

“ಹಂಗಿದ್ರ ಯಾರಿಗೂ ಕೊಡಬ್ಯಾಡ್ರಿ. ನಾಳಿಗೆ ಮಾವಾರನ್ನ ಕರ್ಕೊಂಡ ಬರ್ತೀನಿ.”

ಮರುದಿನ ಇಬ್ಬರೂ ಬಸ್ಸಿಗೆ ಬಂದರು. ಮಾವ ಪಟಗ ಸುತ್ತಿದ ಹಿರಿಯರು, ಮೆದು ಮನುಷ್ಯ. ಬಲಭುಜ ಇನ್ನೂ ಪೂರ್ತಿ ಎತ್ತಲು ಬರುತ್ತಿರಲಿಲ್ಲ. ಸೊಸೆಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ, ಕೈಬಳೆಗಳು ಇನ್ನೂ ಹೊಸ ಹಸಿರಿನವು. ಕಳ್ಳಕವಟಗಿ ಅವಳ ತವರು. ಮಾವ ಒಂದು ಸಣ್ಣ ಕಲ್ಲು ತೆಗೆದುಕೊಂಡು ಡಿಸ್ಕುಗಳನ್ನು ಕುಟ್ಟುತ್ತಾ, ಕಿವಿ ಹಚ್ಚಿ ಕೇಳುತ್ತಾ ಹೋದರು. ಸೀಳಿದ್ದರೆ ದನಿ ಒಡೆಯುತ್ತದಂತೆ. ಸೊಸೆ ಸೆರಗು ಸಿಕ್ಕಿಸಿ ಒಂದೊಂದೇ ಗಾಲಿಯನ್ನು ಎತ್ತಿ ನಿಲ್ಲಿಸಿ, ಅಂಗಳದ ಈ ತುದಿಯಿಂದ ಆ ತುದಿಗೆ ಉರುಳಿಬಿಟ್ಟು, ತಾನು ಹಿಂದೆ ಕುಳಿತು ಒಂದು ಕಣ್ಣು ಮುಚ್ಚಿ ನೋಡಿದಳು. ಅತ್ತಿತ್ತ ಓಲಾಡಿದರೆ ಡಿಸ್ಕು ಸೊಟ್ಟ ಎಂದರ್ಥ. ಐದೂ ನೇರ ಹೋಗಿ ಗೋಡೆಗೆ ತಾಗಿದವು. ಒದ್ದು ನೋಡಿದ ಮಹಾಶಯರು ಇಲ್ಲಿರಬೇಕಿತ್ತು ಅನ್ನಿಸಿತು.

ಚಹಾ ಕುಡಿಯುವಾಗ ವಿಷಯ ಹೊರಬಿತ್ತು. ಅವರ ಮನೆಯಲ್ಲೂ ನನ್ನಂಥದ್ದೇ ಹಳೆಯ ಜೀಪು. ಮಗನ ಮದುವೆ ಬಂತು. ಮದುಮಗ ತಾನು ಹೆಂಡತಿಯನ್ನು ಕರೆತರುವ ಗಾಡಿ ಥಳಥಳ ಹೊಳೆಯಬೇಕೆಂದು ಕಂಪನಿ ಗಾಲಿ ಬಿಚ್ಚಿಸಿ ಗುಜರಿಗೆ ಹಾಕಿ, ಮಡ್‌ಗಾರ್ಡಿನಿಂದ ಹೊರಗೆ ಚಾಚುವಷ್ಟು ಅಗಲದ ಅಲಾಯ್ ಗಾಲಿ ಹಾಕಿಸಿದ. ಮದುವೆ ಮುಗಿಸಿ ಹೆಣ್ಣನ್ನು ಕರೆದುಕೊಂಡು ಬರುವಾಗ ಬಬಲೇಶ್ವರ ಇನ್ನೇನು ಬಂತು ಅನ್ನುವಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ಸೀಳಿ, ಢಂ ಅಂತ ಒಡೆಯಿತು. ಹೊಸ ಸೊಸೆ ಮನೆಗೆ ನಡೆದುಕೊಂಡೇ ಬಂದಳು. ಆಮೇಲೆ ಮುಂದಿನ ಗಾಲಿಯ ಬೇರಿಂಗ್ ಹೋಯಿತು. ಹೊಸದು ಹಾಕಿಸಿದರು, ಅದೂ ಹೋಯಿತು. ಕೊನೆಗೆ ಒಂದು ತಿರುವಿನಲ್ಲಿ ಸ್ಟೇರಿಂಗ್ ಕೈಗೆ ಸಿಗದೆ ಗಾಡಿ ತಗ್ಗಿಗೆ ಇಳಿದು ಮಾವನ ಭುಜಕ್ಕೆ ಪೆಟ್ಟಾಯಿತು. ಅಂದಿನಿಂದ ಅತ್ತೆ ಒಂದೇ ಮಾತು ಹಿಡಿದಿದ್ದಳು. ಸೊಸೆಯ ಕಾಲ್ಗುಣ ಚೆನ್ನಾಗಿಲ್ಲ.

“ಗಾಡಿ ಹತ್ತಾಕ ಬಿಡೂದಿಲ್ರಿ ನನ್ನ,” ಅಂದಳು ಹುಡುಗಿ. ಅಳುವ ದನಿಯಲ್ಲ, ಸಿಟ್ಟಿನ ದನಿ. “ಗಾಡಿಗೆ ಇನ್ನೊಮ್ಮೆ ಏನಾರ ಆತಂದ್ರ ತವರಿಗಿ ಕಳಸ್ತಾರಂತ. ಯಾವಾಗ ಕರಸ್ತೀರಿ ಅಂತ ಕೇಳಿದ್ರ ಹೇಳಂಗಿಲ್ಲ. ನನ್ನ ಸೀರಿ ಅರಬಿ ಚೀಲ ತಾವ ತುಂಬಿ ಪಡಸಾಲ್ಯಾಗ ಇಟ್ಟಾರ್ರಿ.”

“ನಿನ್ನ ಗಂಡ ಏನಂತಾನ?”

“ಅಲಾಯ್ ಗಾಲಿ ತಪ್ಪು ಅಂದ್ರ ಅವರ ತಪ್ಪಾತದಲ್ರಿ. ಸುಮ್ಮ ಇರ್ತಾರ.”

ನನ್ನ ಮೈ ಉರಿದುಹೋಯಿತು. ನಾನು ಮದುವೆಯಾಗಿ ಬಂದ ದಿನ ನಮ್ಮ ಮನೆಯ ಗೋಡೆ ಗಡಿಯಾರ ನಿಂತಿತ್ತು. ನಮ್ಮದು ಅರ್ಧ ಉರ್ದು, ಅರ್ಧ ಕನ್ನಡದ ಮನೆ. ಕಾಲ್ಗುಣಕ್ಕೆ ಅಲ್ಲಿ ಕದಮ್ ಅನ್ನುತ್ತಾರೆ. ಹುಡುಗಿಯ ಕದಮ್ ಸರಿಯಿಲ್ಲ ಎಂದು ಗಂಡನ ಸೋದರತ್ತೆಯೊಬ್ಬಳು ಎಲ್ಲರಿಗೂ ಕೇಳುವ ಹಾಗೆ ಅಂದಳು. ಗಡಿಯಾರಕ್ಕೆ ಸೆಲ್ಲು ಹಾಕಿದರೆ ನಡೆಯುತ್ತದೆ ಎಂದು ಹೇಳುವಷ್ಟು ಬಾಯಿ ನನಗೆ ಆಗ ಇರಲಿಲ್ಲ, ಈಗ ಇದೆ. ಮುಂದೆ ಅಂಗಡಿ ಚೆನ್ನಾಗಿ ನಡೆದಾಗ ಅದೇ ಸೋದರತ್ತೆ ನನ್ನ ಕದಮ್ ಹೊಗಳಿದಳು, ನಾನು ಖುಷಿಯಿಂದ ಕೇಳಿಕೊಂಡೆ.

ಮಾವ ಕಪ್ಪು ಕೆಳಗಿಟ್ಟು, ದನಿ ತಗ್ಗಿಸಿ, ಒಂದು ಉಪಾಯ ಹೇಳಿದರು.

“ನೋಡವಾ, ನನ್ನ ಹೆಂಡ್ತಿ ಕೆಟ್ಟಾಕಿ ಅಲ್ಲ. ಆದ್ರ ಒಂದ ತಲ್ಯಾಗ ಹೊಕ್ತಂದ್ರ ಹೊರಗ ಬರೂದಿಲ್ಲ. ಆಕಿಗಿ ಫೋನಿನ್ಯಾಗ ನೀವು ಒಂದ ಮಾತ ಅನ್ರಿ. ಈ ಗಾಲಿ ಕಾಲ್ಗುಣ ಭಾಳ ಚೊಲೋ ಐತಿ, ಇವು ಬಂದ ಮ್ಯಾಲ ನಮ್ಮ ಮನಿ ಬೆಳೀತು ಅಂತ. ಅಷ್ಟಂದ್ರ ಸಾಕು, ಗಾಲಿ ಕಾಲ್ಗುಣ ಸೊಸಿ ಕಾಲ್ಗುಣಾನ ಮುಚ್ಚಿಬಿಡ್ತದ. ಮನಿ ತಣ್ಣಗಾಕ್ಕೈತಿ.”

ನನಗೆ ಉಪಾಯ ಹಿಡಿಸಿತು. ವ್ಯಾಪಾರದವಳು ನಾನು. ಹುಳಿ ಮಣೂಕವನ್ನೂ ‘ರುಚಿಗೆ ಬೇರೆ ತರಹದ್ದು’ ಎಂದು ಮಾರಿದವಳಿಗೆ ಇದೇನು ಕಷ್ಟ? ತಿಕೋಟಾದ ತೋಟದವರು ಈ ಗಾಲಿಗಳ ಮೇಲೆಯೇ ಹೊಸ ಮನೆ ಕಟ್ಟಿದರು, ನನ್ನ ವ್ಯಾಪಾರ ಇವುಗಳ ಮೇಲೆಯೇ ಬೆಳೆಯಿತು ಎಂದು ಹೇಳಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಹ್ಞೂಂ ಅನ್ನಲು ಬಾಯಿ ತೆರೆದಿದ್ದೆ.

“ಬ್ಯಾಡ್ರಿ ಮಾವಾರ,” ಅಂದಳು ಹುಡುಗಿ. “ಅದೊಂದ ಮಾತ ಅನಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲ ಬೀಳ್ತೀನಿ. ಗಾಲಿಗೆ ಕಾಲ್ಗುಣ ಐತಿ ಅಂದ್ರ ನನ್ನ ಕಾಲಿಗೂ ಐತಿ ಅಂತ ಆತಲ್ರಿ. ಈಗ ಉಳಕೊಂಡ್ನಿ ಅನ್ರಿ. ನಾಳಿಗೆ ಎಮ್ಮಿ ಹಾಲ ಕೊಡ್ಲಿಲ್ಲಂದ್ರ ಮತ್ತ ನನ್ನ ಕಾಲ ನೋಡ್ತಾರ.”

ಮಾವ ಪಟಗದ ಅಂಚು ಸರಿಮಾಡಿಕೊಳ್ಳುತ್ತಾ ಕುಳಿತರು. ನಾನು ಅವಳ ಮುಖವನ್ನೇ ನೋಡಿದೆ. ಅಷ್ಟು ವರ್ಷ ನನ್ನ ಕದಮಿನ ಹೊಗಳಿಕೆಯನ್ನು ಸವಿಯುತ್ತಾ ಬಂದಿದ್ದ ನನಗೆ, ಬೈದದ್ದೂ ಹೊಗಳಿದ್ದೂ ಒಂದೇ ಬಾಯಿ, ಒಂದೇ ಮಾತು ಎಂದು ಹೊಳೆದೇ ಇರಲಿಲ್ಲ. ಈ ಹುಡುಗಿ ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಅದನ್ನು ಬಿಡಿಸಿ ಇಟ್ಟಿದ್ದಳು. ಅವಳ ಮೇಲೆ ನನಗೆ ಆ ಕ್ಷಣವೇ ಪ್ರೀತಿ ಹುಟ್ಟಿತು. ನನಗೆ ಹಾಗೆ ಸುಲಭಕ್ಕೆ ಹುಟ್ಟುವುದಿಲ್ಲ.

“ಆತು, ಅನ್ನೂದಿಲ್ಲ,” ಅಂದೆ. “ಆದ್ರ ಗಾಲಿ ಬಸ್ಸಿನ್ಯಾಗ ಹೆಂಗ ಒಯ್ತೀರಿ? ನಾನ ತಂದ ಕೊಡ್ತೀನಿ. ರೊಕ್ಕಾ ಅಲ್ಲೇ ತಗೋತೀನಿ.”

ಗಾಲಿ ಮಾರುವುದು ಅಂದು ನನ್ನ ಪಾಲಿಗೆ ವ್ಯಾಪಾರವಾಗಿ ಉಳಿಯಲಿಲ್ಲ. ಆ ಅತ್ತೆಯನ್ನು ಕಣ್ಣಾರೆ ನೋಡಬೇಕಿತ್ತು.

ನಾಲ್ಕಾರು ದಿನ ಬಿಟ್ಟು, ಮಾವ ಬೇರಿಂಗ್ ಮತ್ತೊಮ್ಮೆ ಹೊಸದು ಹಾಕಿಸಿದ್ದೇನೆ ಎಂದು ಫೋನು ಮಾಡಿದ ಮೇಲೆ, ಐದು ಗಾಲಿಗಳನ್ನು ಜೀಪಿನ ಹಿಂದೆ ಹೇರಿಕೊಂಡು ಹೊರಟೆ. ಗಾಲಿ ಎತ್ತಿಕೊಡುವಾಗ ನನ್ನ ಗಂಡ, “ಜಗಳಾ ಮಾಡಿ ಬರಬ್ಯಾಡ,” ಅಂದರು. “ಮಾಡೂದಿಲ್ಲ, ಅವರ ಮಾಡಿದ್ರ ಬಿಡೂದಿಲ್ಲ,” ಅಂದೆ. ಸಾರವಾಡ ದಾಟಿ ಬಬಲೇಶ್ವರ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು.

ಮನೆಯ ಮುಂದೆ ಅವರ ಜೀಪು ನಿಂತಿತ್ತು. ಗಾಲಿಗಳೇನೋ ಹೊಳೆಯುತ್ತಿದ್ದವು, ಸುಳ್ಳು ಹೇಳಬಾರದು. ಆದರೆ ದೊಡ್ಡಣ್ಣನ ಬೂಟು ಹಾಕಿಕೊಂಡ ಮಗುವಿನಂತೆ ಗಾಡಿ ಕಾಲು ಅಗಲಿಸಿ ನಿಂತಿತ್ತು. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು. ನನಗಿಂತ ತುಸು ಹಿರಿಯಳು, ದೊಡ್ಡ ಕುಂಕುಮ, ದೊಡ್ಡ ದನಿ. ಅವಳ ಬೆನ್ನ ಹಿಂದೆ ಪಡಸಾಲೆಯ ಕಂಬಕ್ಕೆ ಒರಗಿಸಿದ್ದ ಬಟ್ಟೆಯ ಚೀಲ ನನಗೆ ಕಂಡಿತು. ಬಾಯಿಗೆ ಹಗ್ಗ ಬಿಗಿದಿತ್ತು.

ನೀರು ಕೊಟ್ಟರು, ಚುರುಮುರಿ ಕೊಟ್ಟರು. ನಾನು ಎರಡನೆಯ ಮುಷ್ಟಿ ಬಾಯಿಗೆ ಹಾಕುವ ಮೊದಲೇ ಅತ್ತೆ ನೇರ ಕೇಳಿದಳು.

“ಬೇ ಯವ್ವಾ, ಈ ಗಾಲಿ ಕಾಲ್ಗುಣ ಹೆಂಗೈತಿ?”

ಮಾವ ನನ್ನ ಮುಖ ನೋಡಿದರು. ಒಂದು ಒಳ್ಳೆಯ ಮಾತು ಬರಲಿ ಎಂದು ಕಾಯುತ್ತಿದ್ದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

“ಅಕ್ಕಾರ, ಖರೇ ಹೇಳ್ತೀನಿ ಕೇಳ್ರಿ,” ಅಂದೆ. “ಈ ಗಾಲಿ ಇದ್ದಾಗ ನನ್ನ ಮಗಳು ಪಾಸಾದ್ಲು. ಇವು ಇದ್ದಾಗನ ನನ್ನ ಗಂಡ ಜಾರಿ ಬಿದ್ದು ಹಲ್ಲ ಮುರ್ಕೊಂಡ್ರು. ಒಂದ ವರ್ಷ ಮಣೂಕ ಬಂಗಾರದಂಗ ಹೋತು, ಒಂದ ವರ್ಷ ಮಳಿ ಬಂದು ಶೆಡ್ಡಿನ್ಯಾಗ ಬೂಷ್ಟ ಬಂತು. ಒಳ್ಳೇದೂ ಆಗೇತಿ, ಕೆಟ್ಟದ್ದೂ ಆಗೇತಿ. ಗಾಲಿ ಎರಡಕ್ಕೂ ಬರೇ ಉರುಳ್ಯಾವ.”

ಅತ್ತೆಯ ಹುಬ್ಬು ಗಂಟಾಯಿತು. ಅವಳಿಗೆ ಇದು ಉತ್ತರವೇ ಅಲ್ಲ. ಮಾವ ನಿಟ್ಟುಸಿರು ಬಿಟ್ಟರು. ಬಾಗಿಲಲ್ಲಿದ್ದ ತಟ್ಟೆ ಒಳಗೆ ಹೋಯಿತು.

ಮಗ ಜ್ಯಾಕ್ ಹಚ್ಚಿದ. ನೋಡಲು ಲಕ್ಷಣವಾದ ಹುಡುಗ, ಒಳ್ಳೆಯವನೇ, ಆದರೆ ತನ್ನ ಹೊಳೆಯುವ ಗಾಲಿ ಬಿಚ್ಚುವಾಗ ಯಾರೋ ಮೈಮೇಲಿನ ಅಂಗಿ ಕಳಚುತ್ತಿದ್ದಾರೇನೋ ಅನ್ನುವ ಮುಖ ಮಾಡಿಕೊಂಡಿದ್ದ. ಬಲಗಡೆಯ ಎರಡೂ ಗಾಲಿ ಸಲೀಸಾಗಿ ಬಂದವು. ಎಡಗಡೆಗೆ ಬಂದಾಗ ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪಾನಾ ಹಾಕಿ ಜಗ್ಗಿದ, ಅದರ ಮೇಲೆ ಹತ್ತಿ ನಿಂತು ಕುಪ್ಪಳಿಸಿದ. ನಟ್ಟು ಕಿರ್ ಅಂದಿತು, ಬಿಡಲಿಲ್ಲ. ಈ ಹೊತ್ತಿಗೆ ಸೊಸೆ ಹೊರಗೆ ಬಂದು ಎಡಗಡೆಯೇ ನಿಂತಿದ್ದಳು.

“ನೋಡಿದ್ಯಾ?” ಅತ್ತೆ ಕಟ್ಟೆಯಿಂದಲೇ ಕೂಗಿದಳು. “ಅಷ್ಟೊತ್ತನ ಚೊಲೋ ನಡದಿತ್ತು. ಈಕಿ ಬಂದ ನಿಂತ್ಲು, ನಟ್ಟ ಹಿಡ್ಕೊಂತು. ಇನ್ನ ಏನ ಹೇಳಬೇಕ ನಾನು?”

ಮಗ ಬೆವರು ಒರೆಸಿಕೊಂಡು ಹೆಂಡತಿಯನ್ನು ನೋಡಿದ. ಅವನ ಮುಖದಲ್ಲೂ ಆ ಸಂಶಯ ಒಂದು ಗಳಿಗೆ ಹಾದುಹೋಯಿತು, ನಾನು ನೋಡಿದೆ. ಅವಳೂ ನೋಡಿದಳು.

“ಎಡಗಡಿ ನಟ್ಟ ಉಲ್ಟಾ ಇರ್ತಾವ್ರಿ,” ಅಂದಳು ಅವಳು, ಗಂಡನಿಗೆ. “ನೀವು ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತೀರಿ. ಆ ಕಡೆ ತಿರಿವ್ರಿ.”

ಅವನು ನನ್ನ ಕಡೆ ತಿರುಗಿದ. ಹಳೆಯ ಜೀಪುಗಳಲ್ಲಿ ಎಡಗಡೆಯ ನಟ್ಟುಗಳು ಬಲಕ್ಕೆ ತಿರುವಿದರೆ ಬಿಚ್ಚುತ್ತವೆ, ಓಡುವಾಗ ಸಡಿಲಾಗದಿರಲಿ ಎಂದು ಹಾಗೆ ಮಾಡಿರುತ್ತಾರೆ. ನನ್ನದರಲ್ಲೂ ಹಾಗೇ. ಅವನು ಅಲಾಯ್ ಹಾಕಿಸಿದ್ದು ಅಂಗಡಿಯಲ್ಲಿ, ಪಾನಾ ತಾನು ಹಿಡಿದವನಲ್ಲ. ಹುಡುಗಿ ತವರಿನಲ್ಲಿ ಅಪ್ಪನ ಜೀಪು ನಡೆಸುತ್ತಾ ಬೆಳೆದವಳು, ಚಹಾ ಕುಡಿಯುವಾಗ ಹೇಳಿದ್ದಳು. ನಾನು ಹೌದೆಂದು ತಲೆಯಾಡಿಸಿದೆ. ಅವನು ಆ ಕಡೆ ತಿರುವಿದ. ನಟ್ಟು ಒಂದು ಸಲ ನರಳಿ, ಬೆಣ್ಣೆಯಂತೆ ಬಂತು. ಅದಕ್ಕೆ ಯಾರ ಕಾಲ್ಗುಣವೂ ತಿಳಿದಿರಲಿಲ್ಲ, ತನ್ನ ತಿರುವಷ್ಟೇ ತಿಳಿದಿತ್ತು.

ಅತ್ತೆ ಎಲೆ ಅಡಿಕೆಯ ಡಬ್ಬಿ ತೆರೆದಳು, ಮುಚ್ಚಿದಳು.

ಕಂಪನಿ ಗಾಲಿಗಳು ಕೂತ ಮೇಲೆ ಜೀಪು ಮತ್ತೆ ಜೀಪಿನಂತೆ ಕಂಡಿತು. ಮಗ ಕೈ ಒರೆಸಿಕೊಂಡು ಡ್ರೈವರ್ ಸೀಟಿಗೆ ಕಾಲಿಟ್ಟ. ಮಾವ ಹಿಂದೆ ಹತ್ತಿದರು. ಸೊಸೆ ತನ್ನ ಪಾಡಿಗೆ ತಾನು ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ಯಾರೂ ಹೇಳಿರಲಿಲ್ಲ. ಅಷ್ಟು ದಿನ ಹೇಳಿಸಿಕೊಂಡು ರೂಢಿಯಾಗಿತ್ತು. ಆ ಮೂರು ಹೆಜ್ಜೆ ನೋಡಿ ನನಗೆ ತಡೆಯಲಾಗಲಿಲ್ಲ.

“ಇಳಿಯೋ ತಮ್ಮಾ,” ಅಂದೆ. “ಮೊದಲ ಈಕಿ ಹೊಡೀಲಿ.”

“ಈಕಿ ಹತ್ತಂಗಿಲ್ಲ!” ಅತ್ತೆ ಎದ್ದು ನಿಂತಳು.

“ಅಕ್ಕಾರ, ರೊಕ್ಕಾ ಇನ್ನ ನನ್ನ ಕೈಗೆ ಬಂದಿಲ್ಲ. ಅಲ್ಲಿ ತನಕ ಗಾಲಿ ನನ್ನವು. ನನ್ನ ಗಾಲಿ ಮ್ಯಾಲ ಯಾರ ಕುಂಡ್ರಬೇಕು ಅಂತ ನಾ ಹೇಳ್ತೀನಿ. ಈಕಿ ಹೊಡದ್ರ ಗಾಲಿ ನಿಮಗ. ಇಲ್ಲಂದ್ರ ಬಿಚ್ಚಿ ಕೊಡ್ರಿ, ಹೇರ್ಕೊಂಡ ಹೋಗ್ತೀನಿ. ಎಡಗಡಿ ನಟ್ಟ ಹೆಂಗ ಬಿಚ್ಚೋದು ಅಂತ ಈಗ ಎಲ್ಲಾರಿಗೂ ಗೊತ್ತೈತಿ.”

ಮಾವ ಹಿಂದಿನ ಸೀಟಿನಿಂದ ಕೆಮ್ಮಿದರು. ಅದು ನಗೆ ಮುಚ್ಚಿಕೊಳ್ಳುವ ಕೆಮ್ಮು. ಮಗ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ, ಅವನ ಲೆಕ್ಕಕ್ಕೆ ಇದನ್ನು ಜಮಾ ಮಾಡಲೇಬೇಕು, ಕೆಳಗಿಳಿದು ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಟ್ಟ.

“ಯವ್ವಾ, ಆ ಗಾಲಿ ನಾ ಹಾಕಿಸಿದ್ದು,” ಅಂದ ತಾಯಿಗೆ. ಅಷ್ಟೇ ಅಂದದ್ದು. ಮದುವೆಯಾದಾಗಿನಿಂದ ಹೇಳದೆ ಇದ್ದದ್ದನ್ನು ಹೇಳಲು ಅಷ್ಟು ಮಾತು ಸಾಕಾಗಿತ್ತು.

ಅತ್ತೆಯನ್ನು ನಾನೇ ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿದೆ. ಬರುವುದಿಲ್ಲ ಎಂದು ಬಾಯಲ್ಲಿ ಅನ್ನುತ್ತಿದ್ದಳು, ಕಾಲು ಮಾತ್ರ ಹತ್ತುತ್ತಿತ್ತು. ಮನೆಯವರೆಲ್ಲ ಗಾಡಿಯಲ್ಲಿ ಹೋಗಿ ತಾನೊಬ್ಬಳೇ ಕಟ್ಟೆಯ ಮೇಲೆ ಉಳಿಯುವುದು ಅವಳಿಗೂ ಸಾಧ್ಯವಿರಲಿಲ್ಲ. ನಾನು, ಮಾವ, ಮಗ ಹಿಂದೆ ಕುಳಿತೆವು. ಹುಡುಗಿ ಸೀರೆ ನೆರಿಗೆಯನ್ನು ಮೊಣಕಾಲ ನಡುವೆ ಒತ್ತಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಕ್ಲಚ್ ಒತ್ತಿದಳು. ಗಾಡಿ ಒಂದು ಜಗ್ಗೂ ಇಲ್ಲದೆ ಎದ್ದು ಹೊರಟಿತು.

ಸಾರವಾಡದ ರಸ್ತೆ ಹಿಡಿದಳು. ಕಬ್ಬಿನ ಟ್ರ್ಯಾಕ್ಟರೊಂದು ಎದುರಿಗೆ ಬಂತು, ಜಾಗ ಬಿಟ್ಟಳು. ಮಾವ ಪೆಟ್ಟು ತಿಂದ ಆ ತಿರುವು ಬಂತು. ಅತ್ತೆ ಎರಡೂ ಕೈಯಿಂದ ಮುಂದಿನ ಸರಳು ಹಿಡಿದು ಕಣ್ಣು ಮುಚ್ಚಿದಳು. ನಾನೂ ಉಸಿರು ಬಿಗಿಹಿಡಿದೆ ಎಂದು ಹೇಳಲು ನಾಚಿಕೆಯೇನಿಲ್ಲ. ಗಾಲಿ ಮಾರಿದವಳು ನಾನು, ನಾಲ್ಕು ಮಾತು ಜೋರಾಗಿ ಆಡಿದವಳೂ ನಾನು. ಈಗ ಒಂದು ಮೊಳೆ ಚುಚ್ಚಿದರೂ ಆ ಚೀಲ ಕಳ್ಳಕವಟಗಿಗೆ ಹೋಗುತ್ತಿತ್ತು. ಹುಡುಗಿ ಗೇರು ಇಳಿಸಿ, ತಿರುವಿಸಿ, ಮತ್ತೆ ಏರಿಸಿದಳು. ಜೀಪು ಎಳೆದ ಗೆರೆಯ ಮೇಲೆ ಹೋದಂತೆ ಹೋಯಿತು. ಸ್ಟೇರಿಂಗಿನಲ್ಲಿ ನಡುಕವಿರಲಿಲ್ಲ, ಗಾಲಿಯಲ್ಲಿ ಗುಂಯ್ ಅನ್ನುವ ದನಿಯಿರಲಿಲ್ಲ. ಅತ್ತೆ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ಸಾರವಾಡ ಹತ್ತಿರ ಬಂದಾಗ ಸರಳು ಬಿಟ್ಟು ಸೆರಗು ಸರಿಮಾಡಿಕೊಂಡು, ಯಾರಾದರೂ ಗುರುತಿನವರು ತನ್ನನ್ನು ನೋಡುತ್ತಾರೇನೋ ಎಂದು ಎರಡೂ ಬದಿ ನೋಡತೊಡಗಿದಳು.

ಮನೆಗೆ ಮರಳಿ, ಗಾಡಿ ನಿಂತ ಮೇಲೆ ಅತ್ತೆ ಇಳಿದು ನಿಂತಳು. ಮುಖ ಅರಳಿತ್ತು. ಸೊಸೆಯ ಗಲ್ಲಕ್ಕೆ ಕೈ ತಾಗಿಸಿ ಲಟಿಗೆ ಮುರಿದಳು.

“ನನ್ನ ಸೊಸಿ ಕಾಲ್ಗುಣ ಚೊಲೋ ಐತಿ ಬಿಡವಾ. ಈಕಿ ಹುಡಕಿದ್ದಕ್ಕ ಇಂಥಾ ಗಾಲಿ ಸಿಕ್ಕು.”

ಮಾವನ ಮುಖ ಬೆಳಗಿತು. ಮಗ ನಕ್ಕ. ನನಗೂ, ಆಯಿತು, ಇಷ್ಟಾದರೂ ಆಯಿತಲ್ಲ, ಹುಡುಗಿ ಒಪ್ಪಿಕೊಂಡುಬಿಡಲಿ ಅನ್ನಿಸಿತು. ನಾನು ಒಪ್ಪಿಕೊಂಡಿದ್ದೆನಲ್ಲ.

ಅವಳು ಡ್ರೈವರ್ ಸೀಟಿನಿಂದ ಇನ್ನೂ ಇಳಿದಿರಲಿಲ್ಲ. ಬರಿಗಾಲು ಎರಡೂ ಪೆಡಲಿನ ಮೇಲಿದ್ದವು.

“ಅತ್ತಿ, ಬ್ಯಾಡ್ರಿ,” ಅಂದಳು. ದನಿ ನಡುಗಿತು, ಮಾತು ನಿಲ್ಲಲಿಲ್ಲ. “ನನ್ನ ಕಾಲು ಒಂದ ಕ್ಲಚ್ಚಿಗಿ ಐತಿ, ಒಂದ ಬ್ರೇಕಿಗಿ ಐತಿ. ಚೊಲೋದ್ದೂ ಅನ್ನಬ್ಯಾಡ್ರಿ, ಕೆಟ್ಟದ್ದೂ ಅನ್ನಬ್ಯಾಡ್ರಿ. ಗುಣ ನೋಡೂದಿದ್ರ ನನ್ನ ನೋಡ್ರಿ, ಕಾಲ ನೋಡಬ್ಯಾಡ್ರಿ.”

ಅತ್ತೆಯ ನಗೆ ಅರ್ಧಕ್ಕೆ ನಿಂತಿತು. ಅವಳು ಸೊಸೆಯ ಕಾಲುಗಳನ್ನು ನೋಡಿದಳು. ಅಷ್ಟು ದಿನ ದೂಷಿಸಿದ ಕಾಲುಗಳನ್ನು ಅವಳು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಹೆಬ್ಬೆರಳಿಗೆ ಗ್ರೀಸ್ ಹತ್ತಿತ್ತು, ಕಾಲುಂಗುರದ ಸುತ್ತ ಧೂಳಿತ್ತು. ಆಮೇಲೆ ಮುಖ ನೋಡಿದಳು. ನಾನು ಬಾಯಿ ಬಿಡದಿರಲು ನನ್ನ ತುಟಿಯನ್ನೇ ಕಚ್ಚಿಕೊಂಡಿದ್ದೆ.

ಅತ್ತೆ ಮೆಟ್ಟಿಲು ಹತ್ತಿ ಪಡಸಾಲೆಗೆ ಹೋದಳು. ಕಂಬದ ಹತ್ತಿರ ನಿಂತಳು.

“ಲೇ ತಮ್ಮಾ,” ಎಂದು ಮಗನನ್ನು ಕೂಗಿದಳು, ಎಂದಿನ ದೊಡ್ಡ ದನಿಯಲ್ಲಿ. “ಈ ಚೀಲ ದಾರ್ಯಾಗ ಯಾಕ ಐತಿ? ಬಂದವರು ಎಡವಿ ಬಿದ್ದಾರು. ಹಗ್ಗ ಬಿಚ್ಚಿ ಈಕಿ ಅರಬಿ ಒಳಗ ಇಡು.”

ಮಗ ಹೋಗಿ ಚೀಲ ಎತ್ತಿಕೊಂಡ. ಹುಡುಗಿ ಗಾಡಿಯಿಂದ ಇಳಿದು, ಚಪ್ಪಲಿ ಮೆಟ್ಟಿಕೊಂಡಳು.